ಅಜ್ಜನ ಹೆಸರಿನವರು

ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಅತ್ಯಂತ ವೇಗವಾಗಿ ಮಾಡಿದ ಕೆಲಸವೆಂದರೆ, ಎದುರಿಗೆ ನಿಂತ ಒಬ್ಬ ಮನುಷ್ಯನಿಗೆ ನೀವು ನಮ್ಮಲ್ಲಿ ಇಲ್ಲ ಎಂದು ಹೇಳಿದ್ದು. ಗುಂಡಿ ಒತ್ತಿದೆ, ಒಳಗೆ ಹೋದ ಉಸಿರು ಹೊರಗೆ ಬರುವಷ್ಟರಲ್ಲಿ ಉತ್ತರ ಬಂತು, ಹೇಳಿ ಮುಗಿಸಿದೆ. ಆ ವೇಗದ ಬಗ್ಗೆ ಆಗ ನನಗಿದ್ದ ಹೆಮ್ಮೆಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾನು ಹಳಿಯಾಳದ ಒಂದು ಹಳೆಯ ಶಿಕ್ಷಣ ಸಂಸ್ಥೆಯ ಹೆಡ್ ಕ್ಲಾರ್ಕ್. ಸಂಸ್ಥೆಯ ಚಿಕ್ಕ ಚಿಕ್ಕ ಶಾಲೆಗಳು ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡ ಈ ನಾಲ್ಕೂ ತಾಲೂಕುಗಳಲ್ಲಿ ಚದುರಿಕೊಂಡಿವೆ. ಕೆಲವು ಎಷ್ಟು ಹಳೆಯವೆಂದರೆ ಅವುಗಳ ಮೊದಲ ದಾಖಲಾತಿ ಪುಸ್ತಕ ಬರೆದ ಮಾಸ್ತರರ ಮೊಮ್ಮಕ್ಕಳೂ ಪಿಂಚಣಿ ಮೇಲೆ ಇದ್ದಾರೆ. ಯಾವ ಮಗು ಯಾವಾಗ ಶಾಲೆ ಸೇರಿತು, ತಂದೆ ಯಾರು, ಊರು ಯಾವುದು, ಜಾತಿ ಯಾವುದು, ಕೊನೆಗೆ ಯಾಕೆ ಬಿಟ್ಟಿತು ಎಂಬುದೆಲ್ಲ ಆ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಇರುತ್ತದೆ. ಬಿಟ್ಟ ಕಾರಣದ ಕಾಲಮ್ಮಿನಲ್ಲಿ ಪುಟಗಟ್ಟಲೆ ಒಂದೇ ಉತ್ತರ: ದನ ಕಾಯಲು. ಮನುಷ್ಯ ದೊಡ್ಡವನಾದ ಮೇಲೆ ಈ ಸಾಲು ಅವನಿಗೆ ಬೇಕಾಗುತ್ತದೆ, ಅವನಿಗೆ ಬೇಡವಾದರೆ ಅವನ ಮಕ್ಕಳಿಗೆ ಬೇಕಾಗುತ್ತದೆ. ಆ ಸಾಲಿನ ನಕಲನ್ನು, ನಮ್ಮ ಕಡೆಯ ಮಾತಿನಲ್ಲಿ ಉತಾರವನ್ನು, ತೆಗೆದು, ಸಿಕ್ಕೆ ಹೊಡೆದು, ಸಹಿ ಮಾಡಿ ಕೊಡುವುದು ನನ್ನ ಪಾಲಿಗೆ ಬಂದ ಲೋಕಕಲ್ಯಾಣ.

ಕೆಲವು ವರ್ಷಗಳ ಹಿಂದೆ ಈ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವುದೆಂದು ಸಂಸ್ಥೆ ತೀರ್ಮಾನಿಸಿತು. ಒಂದೊಂದು ಶಾಲೆಯಲ್ಲೂ ಒಬ್ಬೊಬ್ಬರು ಕೂತು ಹಳೆಯ ಪುಟಗಳನ್ನು ಟೈಪು ಮಾಡಿ, ಪೆನ್ ಡ್ರೈವಿನಲ್ಲಿ ಹಾಕಿ ನನಗೆ ಕಳಿಸಿದರು. ಮೂಲ ಪುಸ್ತಕಗಳನ್ನು ಕಟ್ಟಿ, ಗೆದ್ದಲು ಹತ್ತದಂತೆ ಔಷಧ ಹಾಕಿ, ಜೊಯಿಡಾದ ಶಾಲೆಯ ಒಂದು ಕೋಣೆಯಲ್ಲಿಟ್ಟು ಬೀಗ ಹಾಕಿದೆವು. ಇನ್ನು ಹುಡುಕುವ ವೆಬ್‌ಸೈಟ್ ಆಗಬೇಕಿತ್ತು. ಅದನ್ನು ಹೊರಗಿನವರು ಯಾಕೆ ಮಾಡಬೇಕು, ನಾನೇ ಮಾಡುತ್ತೇನೆ ಎಂದು ಆಡಳಿತ ಮಂಡಳಿಯ ಮುಂದೆ ಎದ್ದು ನಿಂತು ಹೇಳಿದ್ದು ನಾನೇ. ಐವತ್ತೈದು ದಾಟಿದವರು ಸಭೆಯಲ್ಲಿ ಎದ್ದು ನಿಲ್ಲಬಾರದು ಎಂದು ಒಂದು ನಿಯಮ ಇರಬೇಕಾಗಿತ್ತು.

ಮೊಬೈಲಿನಲ್ಲಿ ಪಾಠ ನೋಡಿ ನೋಡಿ ಕಲಿತೆ. ವೆಬ್ ಫ್ರೇಮ್‌ವರ್ಕ್ ಎಂದರೆ ಗೋಡೆ, ಬಾಗಿಲು, ಮಾಡು ಎಲ್ಲ ಸಿದ್ಧವಾಗಿ ಬರುವ ಮನೆ. ಒಳಗೆ ಯಾವ ಗೂಡಿನಲ್ಲಿ ಏನಿಡಬೇಕು ಎಂಬುದನ್ನಷ್ಟೇ ನಾವು ಒಂದು ಕಡತದಲ್ಲಿ ಬರೆದು ತಿಳಿಸಬೇಕು. ಆ ಕಡತಕ್ಕೆ ಮಾಡೆಲ್ ಎನ್ನುತ್ತಾರೆ. ವಿದ್ಯಾರ್ಥಿಗೆ ಒಂದು ಹೆಸರಿರುತ್ತದೆ, ತಂದೆಯ ಹೆಸರಿರುತ್ತದೆ, ಊರಿರುತ್ತದೆ, ಹುಟ್ಟಿದ ತಾರೀಖಿರುತ್ತದೆ ಎಂದು ಅದರಲ್ಲಿ ಬರೆಯುವಾಗ, ಮನುಕುಲಕ್ಕೆ ಮೊದಲ ಸಲ ಶಿಸ್ತು ಕಲಿಸುತ್ತಿರುವವನ ಗಾಂಭೀರ್ಯ ನನ್ನಲ್ಲಿತ್ತು.

ಮನೆ ಎದ್ದು ನಿಂತಿತು. ಆದರೆ ಹುಡುಕಲು ಹೇಳಿದರೆ ಅದು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಾಲ್ಕು ತಾಲೂಕಿನ ಅಷ್ಟೂ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮುಟ್ಟಿ ನೋಡಿಕೊಂಡು ಬರುತ್ತಿತ್ತು. ವೆಬ್‌ಸೈಟ್ ಓಡುತ್ತಿದ್ದ ನಮ್ಮ ಕಚೇರಿಯ ಕಂಪ್ಯೂಟರ್ ಕೂಡ ನನ್ನ ಹಾಗೆಯೇ ನಿವೃತ್ತಿಯ ಅಂಚಿನದು. ಬಂದವರು ಹೆಸರು ಹೇಳಿ, ಎದುರಿನ ಅಂಗಡಿಗೆ ಹೋಗಿ ಚಹಾ ಕುಡಿದು, ತಿರುಗಿ ಬಂದು ಕೂಡುತ್ತಿದ್ದರು. ಆಗ ಸಿಗುತ್ತಿತ್ತು. ತಡವಾಗಿಯಾದರೂ ಸಿಗುತ್ತಿತ್ತು ಎಂಬುದನ್ನು ಓದುಗರು ಗಮನದಲ್ಲಿಡಬೇಕು.

ಈ ತಡಕ್ಕೆ ಮದ್ದು ಇಂಡೆಕ್ಸ್ ಎಂದು ಪಾಠದಲ್ಲಿ ಬಂತು. ನಾನು ನಕ್ಕೆ. ಇದು ನಮಗೆ ಹೊಸದೇ? ಹಳೆಯ ದಾಖಲಾತಿ ಪುಸ್ತಕದ ಕೊನೆಯಲ್ಲಿ ಮಾಸ್ತರರು ಊರುವಾರು ಪಟ್ಟಿ ಬರೆಯುತ್ತಿದ್ದರು. ಊರು ನೋಡು, ಅದರ ಕೆಳಗೆ ಹೆಸರು ನೋಡು, ಪಕ್ಕದಲ್ಲಿ ಪುಟದ ಸಂಖ್ಯೆ. ಇಡೀ ಪುಸ್ತಕ ತಿರುವಬೇಕಾಗಿಲ್ಲ. ಡೇಟಾಬೇಸಿನ ಇಂಡೆಕ್ಸ್ ಅಂದರೂ ಅದೇ. ಮಾಡೆಲ್ಲಿನಲ್ಲಿ ಒಂದು ಸಾಲು ಬರೆದರೆ ಅದು ತಾನೇ ಪಟ್ಟಿ ಮಾಡಿಕೊಂಡು ಕೂಡುತ್ತದೆ. ಒಂದು ಸಾಲಿಗೆ ಇಷ್ಟು ಪುಣ್ಯವಿದ್ದರೆ ಹಲವು ಸಾಲಿಗೆ ಎಷ್ಟಿರಬೇಡ ಎಂದು ನಾನು ಹದಿಮೂರು ಕಾಲಮ್ಮಿಗೂ ಹದಿಮೂರು ಇಂಡೆಕ್ಸ್ ಬರೆದೆ. ಬಿಟ್ಟ ಕಾರಣಕ್ಕೂ ಒಂದು. ದನ ಕಾಯಲು ಹೋದವರನ್ನೆಲ್ಲ ಕ್ಷಣಮಾತ್ರದಲ್ಲಿ ಒಟ್ಟಿಗೆ ಕರೆಯುವ ಸಂದರ್ಭ ಈ ಭೂಮಿಯ ಮೇಲೆ ಯಾರಿಗೆ ಬಂದೀತು ಎಂದು ನಾನು ಕೇಳಿಕೊಳ್ಳಲಿಲ್ಲ.

ಇನ್ನೊಂದು ತೊಂದರೆಯಿತ್ತು. ಟೈಪು ಮಾಡಿದವರು ಕೆಲವು ಪುಟಗಳನ್ನು ಎರಡೆರಡು ಸಲ ಮಾಡಿದ್ದರು. ಒಬ್ಬನೇ ಮನುಷ್ಯ ಎರಡು ಸಲ ಕಾಣಿಸುವುದು ನನ್ನಂಥ ಗುಮಾಸ್ತನಿಗೆ ಸಹಿಸಲಾಗದ ಸಂಗತಿ. ಅದಕ್ಕೂ ಪಾಠದಲ್ಲಿ ಮದ್ದಿತ್ತು: ಯೂನಿಕ್ ಇಂಡೆಕ್ಸ್. ಇಂತಿಂಥ ಕಾಲಂಗಳು ಒಟ್ಟಿಗೆ ಒಂದೇ ಆಗಿದ್ದರೆ ಎರಡನೆಯದನ್ನು ಒಳಗೆ ಬಿಡಬೇಡ ಎಂಬ ಅಪ್ಪಣೆ. ಊರು, ಹೆಸರು, ತಂದೆಯ ಹೆಸರು, ಈ ಮೂರೂ ಒಂದೇ ಆದರೆ ಮನುಷ್ಯನೂ ಒಬ್ಬನೇ ಎಂದು ನಾನು ವಿಧಿಸಿದೆ. ನಂತರ ಪೆನ್ ಡ್ರೈವುಗಳಲ್ಲಿ ಬಂದ ಎಲ್ಲ ಹಾಳೆಗಳನ್ನೂ ಹೊಸದಾಗಿ ಒಳಗೆ ತುಂಬಿಸಿದೆ. ಬಾಗಿಲಲ್ಲಿ ತಡೆದವರ ಬಗ್ಗೆ ಸದ್ದು ಮಾಡಬೇಡ ಎಂದೂ ಅದಕ್ಕೆ ಹೇಳಿದ್ದೆ, ಏಕೆಂದರೆ ಪ್ರತಿಯೊಂದಕ್ಕೂ ನಿಂತು ದೂರು ಹೇಳುತ್ತಿತ್ತು. ತುಂಬಿ ಮುಗಿದಾಗ ಸಾಲುಗಳ ಸಂಖ್ಯೆ ಕಡಿಮೆಯಾಗಿತ್ತು. ‘ಪುನರಾವರ್ತನೆಗಳನ್ನು ಸಂಪೂರ್ಣವಾಗಿ ನಿವಾರಿಸಲಾಗಿದೆ’ ಎಂದು ಮಂಡಳಿಗೆ ವರದಿ ಬರೆದು, ಸಂಪೂರ್ಣವಾಗಿ ಎಂಬುದರ ಕೆಳಗೆ ಗೆರೆ ಎಳೆದೆ.

ಇಷ್ಟಕ್ಕೇ ನಿಲ್ಲಲಿಲ್ಲ. ಇನ್ನು ಮುಂದೆ ಕಂಪ್ಯೂಟರಿನಿಂದ ಬಂದ ಉತಾರ ಮಾತ್ರ ಅಧಿಕೃತ, ಕೈಬರಹದ್ದು ಸಲ್ಲದು, ಅನುಮಾನವಿದ್ದರೆ ನಮ್ಮ ವೆಬ್‌ಸೈಟಿನಲ್ಲಿ ತಾವೇ ನೋಡಿ ಖಾತ್ರಿ ಮಾಡಿಕೊಳ್ಳಬಹುದು ಎಂದು ಸುತ್ತೋಲೆ ತಯಾರಿಸಿ ನಾಲ್ಕೂ ತಾಲೂಕಿನ ಸರಕಾರಿ ಕಚೇರಿಗಳಿಗೆ ಕಳಿಸಿದೆ. ಅದರ ಭಾಷೆ ಬಹಳ ಚೆನ್ನಾಗಿತ್ತು.

ನಮ್ಮ ಕಚೇರಿಯ ಬಾಗಿಲಲ್ಲಿ ನನ್ನಷ್ಟೇ ವರ್ಷದಿಂದ ಕೂತಿರುವ ಒಬ್ಬ ಆಯಾ ಇದ್ದಾಳೆ. ಬಂದವರ ಹೆಸರು ಕೇಳಿ ಒಂದು ವಹಿಯಲ್ಲಿ ಬರೆದುಕೊಳ್ಳುವುದು, ನೀರು ಕೊಡುವುದು, ಒಳಗೆ ಕಳಿಸುವುದು ಅವಳ ಕೆಲಸ. ಹೊಸ ವ್ಯವಸ್ಥೆ ಬಂದ ತಿಂಗಳೊಪ್ಪತ್ತಿನಲ್ಲೇ ಅವಳು ಒಂದು ಮಾತು ಆಡಿದಳು. “ಮೊದಲ ತಡಾ ಆಗಿ ಸಿಗ್ತಿತ್ತು ಸರ್. ಈಗ ಲಗೂನ ಇಲ್ಲ ಅಂತೈತಿ.” ತಾಂತ್ರಿಕ ವಿಷಯ ಅವಳಿಗೆ ತಿಳಿಯದು ಎಂದು ನಾನು ಸುಮ್ಮನಾದೆ.

ಆ ಗುರುವಾರ ಬಂದವರು ಇಬ್ಬರು. ಮುಂಡಗೋಡ ತಾಲೂಕಿನ ಮಳಗಿಯ ಹತ್ತಿರದ ಒಂದು ಊರಿನ ಸಿದ್ದಿ ಮನುಷ್ಯ, ನಲವತ್ತು ದಾಟಿದವನು, ಕೂಲಿ ಮತ್ತು ಒಂದಿಷ್ಟು ಸಾಗುವಳಿ. ಜೊತೆಗೆ ಪಿಯುಸಿ ಮುಗಿಸಿದ ಮಗಳು. ಅವಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಬಂದಿತ್ತು. ಅದು ಪರಿಶಿಷ್ಟ ಪಂಗಡದ ಸೀಟು, ಜಾತಿ ಪ್ರಮಾಣಪತ್ರ ಬೇಕು. ಮುಂಡಗೋಡದ ಕಚೇರಿಯಲ್ಲಿ ಕಡತ ಪೂರ್ತಿ ಸಿದ್ಧವಿತ್ತು, ಒಂದೇ ಒಂದು ಕೊರತೆ ತಂದೆಯ ಶಾಲೆಯ ಉತಾರ. ಶುಕ್ರವಾರ ಸಂಜೆ ಐದಕ್ಕೆ ಅಲ್ಲಿನವರು ಕಡತ ಮುಚ್ಚುತ್ತಾರೆ. ಅಷ್ಟರಲ್ಲಿ ಆಗದಿದ್ದರೆ ಸೀಟು ಪಟ್ಟಿಯಲ್ಲಿ ಕೆಳಗಿನವರಿಗೆ ಹೋಗುತ್ತದೆ. ಇಷ್ಟನ್ನು ಹುಡುಗಿ ಉಸಿರು ತೆಗೆದುಕೊಳ್ಳದೆ ಹೇಳಿದಳು. ತಂದೆ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

ನಾನು ಊರು ಹೊಡೆದೆ, ಹೆಸರು ಹೊಡೆದೆ, ತಂದೆಯ ಹೆಸರು ಹೊಡೆದೆ. ಒಂದು ದಾಖಲೆ ಬಂತು. ಹೆಸರು ಸರಿ, ತಂದೆ ಸರಿ, ಊರು ಸರಿ. ಹುಟ್ಟಿದ ತಾರೀಖು ನೋಡಿದರೆ ಎದುರಿಗಿದ್ದವನಿಗೆ ತೊಂಬತ್ತರ ಮೇಲೆ ಆಗಬೇಕಿತ್ತು. ಒಂದನೇ ಇಯತ್ತೆಗೆ ಸೇರಿ ಆರು ತಿಂಗಳಲ್ಲಿ ಬಿಟ್ಟದ್ದು, ಕಾರಣ ದನ ಕಾಯಲು. ದಾಖಲೆಯ ಪ್ರಕಾರ ನಿಮ್ಮ ವಯಸ್ಸಿಗೆ ನೀವು ಬಹಳ ಚೆನ್ನಾಗಿ ಕಾಣುತ್ತೀರಿ ಎಂದೆ. ಇಂಥ ಮಾತುಗಳಿಂದ ಕಚೇರಿಯ ವಾತಾವರಣ ಹಗುರಾಗುತ್ತದೆ ಎಂದು ನಾನು ನಂಬಿದ್ದ ಕಾಲವದು.

ಅವನು ನಗಲಿಲ್ಲ. “ಅಂವ ನಮ್ಮ ಅಜ್ಜ ರೀ ಸಾಹೇಬ್ರ. ಅವನ ಹೆಸರ ನನಗ ಇಟ್ಟಾರ.”

ಹಾಗಾದರೆ ಇರುವುದು ಅಜ್ಜ, ನೀವು ಇಲ್ಲ ಎಂದೆ. ಅಲ್ಲಿಯೇ ಏಳನೇ ಇಯತ್ತೆವರೆಗೆ ಓದಿದ್ದೇನೆ ಎಂದ. ಕಂಪ್ಯೂಟರ್ ಇಲ್ಲ ಎನ್ನುತ್ತಿದೆ ಎಂದೆ. ಅವನು ಸ್ವಲ್ಪ ಹೊತ್ತು ಆ ಪರದೆಯ ಹಿಂಬದಿಯನ್ನು ನೋಡಿದ. ನಂತರ ಮಗಳ ಮುಖ ನೋಡದೆ ಹೊರಗೆ ಹೋದ. ಅವರು ಅಂದೇ ತಮ್ಮೂರ ಶಾಲೆಗೆ ಹೋಗಿ ಕೇಳಿದರಂತೆ. ಪುಸ್ತಕ ಇಲ್ಲಿಲ್ಲ, ಹಳಿಯಾಳದಲ್ಲೇ ಕೇಳಿ ಎಂದು ಅಲ್ಲಿನ ಮಾಸ್ತರರು ಕಳಿಸಿದರಂತೆ. ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಮತ್ತೆ ನನ್ನ ಎದುರಿಗೆ ಇದ್ದರು. ಹುಡುಗಿಯ ಕಣ್ಣು ಊದಿತ್ತು, ಆದರೆ ಧ್ವನಿ ಗಟ್ಟಿಯಾಗಿತ್ತು.

“ಸರ್, ಒಂದ್ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅಪ್ಪನ ಅಜ್ಜನ ಹೆಸರು ಅಪ್ಪಗ ಐತಿ. ಆ ಅಜ್ಜನ ಅಪ್ಪನ ಹೆಸರು ಅಪ್ಪನ ಅಪ್ಪಗ ಐತಿ. ಊರೂ ಒಂದ. ನಿಮ್ಮ ಕಂಪ್ಯೂಟರ್‌ಗ ಇಬ್ರೂ ಒಬ್ಬನ ಆಗ್ಯಾರೇನ್ರಿ?”

ಕುರ್ಚಿಯಲ್ಲಿ ಕೂತಿದ್ದವನು ಕೂತಂತೆಯೇ ಕುಸಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ನಮ್ಮ ಕಡೆ ಗಂಡು ಹುಟ್ಟಿದರೆ ಅಜ್ಜನ ಹೆಸರು. ಸಿದ್ದಿಯರಿರಲಿ, ಲಿಂಗಾಯತರಿರಲಿ, ಯಾರ ಮನೆಯಲ್ಲೂ ಇದರ ಬಗ್ಗೆ ಚರ್ಚೆ ನಡೆದದ್ದು ನಾನು ಕಂಡಿಲ್ಲ. ಒಂದು ತಲೆ ಬಿಟ್ಟು ಒಂದು ತಲೆ ಅದೇ ಹೆಸರು, ಅದೇ ತಂದೆಯ ಹೆಸರು, ಅದೇ ಊರು. ಪುಸ್ತಕ ಹಳೆಯದು, ಅಜ್ಜನ ಸಾಲು ಮೊದಲು ಒಳಗೆ ಹೋಗಿದೆ. ಮೊಮ್ಮಗ ಬಾಗಿಲಿಗೆ ಬಂದಾಗ ನನ್ನ ಯೂನಿಕ್ ಇಂಡೆಕ್ಸ್ ‘ನೀನು ಆಗಲೇ ಒಳಗಿದ್ದೀಯ’ ಎಂದು ಅವನನ್ನು ಹೊರಗೆ ತಳ್ಳಿದೆ. ಸದ್ದು ಮಾಡದೆ ತಳ್ಳು ಎಂದು ಹೇಳಿಕೊಟ್ಟವನು ನಾನೇ.

ಖಾತ್ರಿ ಮಾಡಿಕೊಳ್ಳಲು ಒಂದೇ ದಾರಿ ಹೊಳೆಯಿತು. ನಾನೂ ಇದೇ ಸಂಸ್ಥೆಯ ಶಾಲೆಯಲ್ಲಿ ಕಲಿತವನು, ನನ್ನದೂ ಅಜ್ಜನ ಹೆಸರೇ. ನನ್ನ ಹೆಸರು ಹೊಡೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ಅಜ್ಜ ಬಂದ. ಮೂರನೇ ಇಯತ್ತೆ, ಬಿಟ್ಟ ಕಾರಣ ದನ ಕಾಯಲು. ನಾನು ಇರಲಿಲ್ಲ. ಮೂವತ್ತು ವರ್ಷ ದಾಖಲೆ ಕಾಯ್ದವನನ್ನು ಅವನೇ ಕೈಯಾರೆ ಬರೆದ ಒಂದು ಸಾಲು ಲೋಕದಿಂದ ತೆಗೆದುಹಾಕಿತ್ತು.

ಪರದೆಯನ್ನು ಅವರ ಕಡೆ ತಿರುಗಿಸಿ, ನಾನೂ ಇಲ್ಲ ಎಂದು ತಿಳಿಸಿದೆ. ತಂದೆ ಬಗ್ಗಿ ನೋಡಿದ. ಎರಡು ದಿನದಲ್ಲಿ ಮೊದಲ ಸಲ ಅವನ ಮುಖದಲ್ಲಿ ನಗುವಿನಂಥದೇನೋ ಸುಳಿಯಿತು.

“ಹಂಗಾರ ಸಾಹೇಬ್ರ, ನಮಗ ಸಹಿ ಮಾಡಾವ್ರು ಯಾರು?”

ಪೆನ್ ಡ್ರೈವ್ ಹುಡುಕಿ ಅವರ ಶಾಲೆಯ ಹಾಳೆ ತೆರೆದೆ. ಅವನು ಇದ್ದ. ಹೆಸರು, ತಂದೆ, ಊರು, ಜಾತಿ, ಏಳನೇ ಇಯತ್ತೆ ಪಾಸು. ಮೂವರೂ ನೋಡಿದೆವು. ಆದರೆ ಆ ಹಾಳೆಯಿಂದ ಉತಾರ ಕೊಡುವಂತಿಲ್ಲ. ವೆಬ್‌ಸೈಟಿನೊಳಗೆ ಇರುವುದಷ್ಟೇ ಅಧಿಕೃತ ಎಂಬ ಸುಂದರ ಭಾಷೆಯ ಸುತ್ತೋಲೆ ಮುಂಡಗೋಡದ ಗೋಡೆಯ ಮೇಲೂ ಅಂಟಿಕೊಂಡಿತ್ತು. ಇವನೊಬ್ಬನನ್ನು ಕೈಯಿಂದ ಸೇರಿಸೋಣವೆಂದು ಫಾರಂ ತುಂಬಿ ಗುಂಡಿ ಒತ್ತಿದೆ. ‘ಈ ದಾಖಲೆ ಈಗಾಗಲೇ ಇದೆ’ ಎಂದು ಕೆಂಪಕ್ಷರ ಬಂತು. ಆ ವಾಕ್ಯವೂ ನನ್ನದೇ.

ಮಾಡೆಲ್ ತೆರೆದು ಯೂನಿಕ್ ಸಾಲನ್ನು ಅಳಿಸಿದೆ. ಅಳಿಸುವುದು ಸುಲಭ. ಆದರೆ ಮಾಡೆಲ್ಲಿನಲ್ಲಿ ಅಳಿಸಿದ್ದನ್ನು ಡೇಟಾಬೇಸಿಗೂ ಒಪ್ಪಿಸಬೇಕು, ಅದಕ್ಕೆ ಮೈಗ್ರೇಶನ್ ಎನ್ನುತ್ತಾರೆ. ನಾನು ಆರಿಸಿಕೊಂಡ ಡೇಟಾಬೇಸ್ ಸಣ್ಣ ಸಂಸಾರದ್ದು. ಒಂದು ನಿಯಮ ಕಿತ್ತು ಹಾಕು ಎಂದರೆ ಅದು ಇಡೀ ಪುಸ್ತಕವನ್ನು ಹೊಸ ಪುಸ್ತಕಕ್ಕೆ ನಕಲು ಮಾಡಿ, ಆಮೇಲೆ ಇಂಡೆಕ್ಸುಗಳನ್ನೆಲ್ಲ ಮೊದಲಿನಿಂದ ಕಟ್ಟುತ್ತದೆ. ಹದಿಮೂರು ಇಂಡೆಕ್ಸ್. ದನ ಕಾಯಲು ಹೋದವರ ಪಟ್ಟಿಯೂ ಸೇರಿ. ಹನ್ನೊಂದೂವರೆಗೆ ಶುರು ಮಾಡಿದೆ. ಹನ್ನೆರಡೂಕಾಲಾದರೂ ಮುಗಿಯುವ ಲಕ್ಷಣವಿರಲಿಲ್ಲ. ಪಕ್ಕದಲ್ಲಿ ಅಪ್ಪ ಮಗಳು ಗೋಡೆ ಗಡಿಯಾರ ನೋಡುತ್ತಿದ್ದರು. ಹಳಿಯಾಳದಿಂದ ಮುಂಡಗೋಡಕ್ಕೆ ಬಸ್ಸಿನಲ್ಲಿ ಎರಡು ತಾಸಿನ ಮೇಲೆ ಬೇಕು. ಎರಡೂವರೆಯೊಳಗೆ ಇಲ್ಲಿಂದ ಹೊರಟರೆ ಮಾತ್ರ ಐದಕ್ಕೆ ಅಲ್ಲಿ.

ಹನ್ನೆರಡೂವರೆಗೆ ಕರೆಂಟ್ ಹೋಯಿತು.

ಯುಪಿಎಸ್ ಹಸಿದ ಮರಿಯ ಹಾಗೆ ಕೀಚಲು ದನಿಯಲ್ಲಿ ನಾಲ್ಕು ನಿಮಿಷ ಅತ್ತು ಸತ್ತಿತು. ನಾನು ಕಪ್ಪು ಪರದೆಯ ಮುಂದೆ ಕೂತೆ. ವಿದ್ಯುತ್ ಕಚೇರಿಗೆ ಫೋನ್ ಮಾಡಿದರೆ ಲೈನು ದುರಸ್ತಿ ನಡೆದಿದೆ, ಬರುತ್ತದೆ ಎಂದರು. ಯಾವಾಗ ಎಂದರೆ, ಮುಗಿದಾಗ ಎಂದರು. ಇದು ನಾನು ಬಂದವರಿಗೆ ಹೇಳುತ್ತಿದ್ದ ಉತ್ತರದ ಧಾಟಿಯೇ ಆದ್ದರಿಂದ ಸಿಟ್ಟು ಮಾಡುವ ಹಕ್ಕೂ ನನಗಿರಲಿಲ್ಲ. ಆಯಾ ಇಬ್ಬರಿಗೂ ತನ್ನ ಡಬ್ಬಿಯ ರೊಟ್ಟಿ ಕೊಟ್ಟಳು. ತಂದೆ ತಿಂದ. ಹುಡುಗಿ ರೊಟ್ಟಿಯನ್ನು ಸುರುಳಿ ಮಾಡಿ ಕೈಯಲ್ಲಿ ಹಿಡಿದು ಹಾಗೇ ಕೂತಳು. ಎರಡೂವರೆಯ ಬಸ್ಸು ನಮ್ಮ ಕಿಟಕಿಯ ಮುಂದೆಯೇ ತಿರುಗಿ ಹೋಯಿತು. ನನಗೆ ಆ ಕ್ಷಣದಲ್ಲಿ ಎದ್ದು ಹಿತ್ತಲ ಬಾಗಿಲಿನಿಂದ ಮನೆಗೆ ಹೋಗಿಬಿಡಬೇಕೆನಿಸಿತ್ತು. ಹೇಗೂ ದಾಖಲೆಯಲ್ಲಿ ಇಲ್ಲದವನು, ಯಾರು ಹುಡುಕುತ್ತಾರೆ.

ಮೂರಕ್ಕೆ ಐದು ನಿಮಿಷವಿರುವಾಗ ಕರೆಂಟ್ ಬಂತು. ಕಂಪ್ಯೂಟರ್ ಎದ್ದು, ಅರ್ಧ ಮಾಡಿದ ಕೆಲಸವನ್ನು ತಾನೇ ಅಳಿಸಿ, ಬೆಳಿಗ್ಗೆ ಎಲ್ಲಿತ್ತೋ ಅಲ್ಲಿಗೆ ಬಂದು ನಿಂತಿತ್ತು. ಮತ್ತೆ ಅದೇ ದಾರಿಯಲ್ಲಿ ಹೋದರೆ ಮತ್ತೆ ಅಷ್ಟೇ ಹೊತ್ತು. ನಾನು ಮಾಡೆಲ್ ತೆರೆದು ನನ್ನ ಹದಿಮೂರು ಇಂಡೆಕ್ಸುಗಳನ್ನು ಒಂದೊಂದಾಗಿ ಅಳಿಸಿದೆ. ಕಟ್ಟಿಸಿದವನೇ ಮನೆಯ ತೊಲೆ ಕೀಳುವಾಗ ಹೀಗೇ ಅನಿಸುತ್ತದೇನೋ. ಈ ಸಲ ಕಟ್ಟಲು ಇಂಡೆಕ್ಸ್ ಒಂದೂ ಇಲ್ಲದ್ದರಿಂದ ಬರೀ ನಕಲು ಮಾಡಿ ಮುಗಿಸಿತು. ಮೂರೂವರೆಗೆ ತಂದೆಯ ಸಾಲು ಒಳಗೆ ಹೋಯಿತು. ಕೆಂಪಕ್ಷರ ಬರಲಿಲ್ಲ. ಉತಾರ ಮುದ್ರಿಸಿ, ಸಿಕ್ಕೆ ಹೊಡೆದು, ಇಲ್ಲದವನಾದ ನಾನು ಸಹಿ ಮಾಡಿದೆ.

ಕಾಗದ ಕೈಯಲ್ಲಿತ್ತು, ಮುಂಡಗೋಡ ಎರಡು ತಾಸು ದೂರದಲ್ಲಿತ್ತು, ಐದಕ್ಕೆ ಒಂದೂವರೆ ತಾಸು ಉಳಿದಿತ್ತು. ಯಾವ ಲೆಕ್ಕದಿಂದಲೂ ಇದು ಸರಿಹೋಗದು.

ಮುಂಡಗೋಡದ ಕಚೇರಿಗೆ ಫೋನ್ ಮಾಡಿದೆ. ಕಡತ ನೋಡುತ್ತಿದ್ದ ಮೇಡಂ ಸಿಕ್ಕಲು ನಾಲ್ಕು ದಾಟಿತು. ಉತಾರದ ಫೋಟೋ ಕಳಿಸುತ್ತೇನೆ ಎಂದೆ. ಫೋಟೋ ಯಾರು ಬೇಕಾದರೂ ಮಾಡುತ್ತಾರೆ, ನಡೆಯುವುದಿಲ್ಲ ಎಂದರು. ಆದರೆ ಅವರು ಕೆಟ್ಟವರಲ್ಲ. ನಿಮ್ಮ ಸುತ್ತೋಲೆಯಲ್ಲೇ ಇದೆಯಲ್ಲ, ವೆಬ್‌ಸೈಟಿನಲ್ಲಿ ನಾನೇ ನೋಡುತ್ತೇನೆ, ಕಣ್ಣಿಗೆ ಕಂಡರೆ ಇವತ್ತೇ ಮುಂದಕ್ಕೆ ಹಾಕುತ್ತೇನೆ, ಮೂಲ ಪ್ರತಿ ಸೋಮವಾರ ತಂದರಾಯಿತು ಎಂದರು. ನನ್ನ ಸುತ್ತೋಲೆಯಿಂದ ಯಾರಿಗಾದರೂ ಉಪಕಾರವಾದದ್ದು ಅದೇ ಮೊದಲು.

ಫೋನ್ ಕಿವಿಯಲ್ಲೇ ಇತ್ತು. ಅವರು ಊರು, ಹೆಸರು ಹೊಡೆದು ಗುಂಡಿ ಒತ್ತಿದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಚಕ್ರ ತಿರುಗುತ್ತಿದೆ ಎಂದರು. ಇನ್ನೂ ತಿರುಗುತ್ತಿದೆ ಎಂದರು. ಕೊನೆಗೆ, ಉತ್ತರ ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ ಎಂದು ಬಂತು ಎಂದರು.

ಇಂಡೆಕ್ಸುಗಳನ್ನೆಲ್ಲ ನಾನೇ ಕಿತ್ತು ಹಾಕಿದ್ದೆ. ಈಗ ಯಂತ್ರ ಮತ್ತೆ ಹಳೆಯ ಚಾಳಿಯಂತೆ ನಾಲ್ಕು ತಾಲೂಕಿನ ಪ್ರತಿ ಮಗುವನ್ನೂ ಮುಟ್ಟಿ ನೋಡುತ್ತಿತ್ತು. ಅರ್ಧ ನಿಮಿಷದಲ್ಲಿ ಉತ್ತರ ಬಾರದಿದ್ದರೆ ಕೈಬಿಡು ಎಂದು, ವೇಗದ ಮದದಲ್ಲಿದ್ದಾಗ ನಾನೇ ಅದಕ್ಕೆ ಬೇರೆ ಕಡೆ ಬರೆದಿಟ್ಟಿದ್ದೆ. ಮನುಷ್ಯನನ್ನು ಒಳಗೆ ಬಿಡಲು ಯಾವುದನ್ನು ಕೆಡವಿದೆನೋ, ಅವನನ್ನು ತೋರಿಸಲು ಈಗ ಅದೇ ಬೇಕಾಗಿತ್ತು. ಮೇಡಂ ಇನ್ನೆರಡು ಸಲ ನೋಡಿದರು. ನಾಲ್ಕೂವರೆ ಆಯಿತು. ಐದಕ್ಕೆ ನಾನು ಎದ್ದು ಹೋಗುತ್ತೇನೆ, ಅಷ್ಟರಲ್ಲಿ ಕಂಡರೆ ಕಂಡಿತು ಎಂದು ಫೋನ್ ಇಟ್ಟರು.

ಹುಡುಗಿ ಎದ್ದು ಬಂದು ನನ್ನ ಕುರ್ಚಿಯ ಹಿಂದೆ ನಿಂತಳು. ಬೈದಿದ್ದರೆ ನನಗೆ ಒಂದಿಷ್ಟು ಸಮಾಧಾನವಾಗುತ್ತಿತ್ತು.

ಒಂದೇ ಇಂಡೆಕ್ಸ್ ಬರೆಯಬೇಕು, ಅದು ಸರಿಯಾಗಿರಬೇಕು. ಆಗ ನೆನಪಾದದ್ದು ಪಾಠದ ವೀಡಿಯೋ ಅಲ್ಲ, ಹಳೆಯ ಮಾಸ್ತರರ ಊರುವಾರು ಪಟ್ಟಿ. ಅವರು ಮೊದಲು ಊರು ಬರೆಯುತ್ತಿದ್ದರು, ಏಕೆಂದರೆ ಬಂದವರು ಮೊದಲು ಹೇಳುವುದು ಊರು. ಆಮೇಲೆ ಹೆಸರು, ಆಮೇಲೆ ತಂದೆ. ಅವೂ ಒಂದೇ ಆಗಿರುವಲ್ಲಿ ಹುಟ್ಟಿದ ವರ್ಷ ಬರೆದು, ಇಬ್ಬರನ್ನೂ ಒಬ್ಬರ ಕೆಳಗೊಬ್ಬರನ್ನು ನಿಲ್ಲಿಸುತ್ತಿದ್ದರು. ಅವರ ಪಟ್ಟಿ ಯಾರನ್ನೂ ಹೊರಗೆ ಹಾಕುತ್ತಿರಲಿಲ್ಲ. ಯಾರು ಎಲ್ಲಿದ್ದಾರೆ ಎಂದು ಬೆರಳು ತೋರಿಸುವುದಷ್ಟೇ ಪಟ್ಟಿಯ ಕೆಲಸ, ಬಾಗಿಲು ಕಾಯುವುದಲ್ಲ ಎಂಬುದು ಅವರಿಗೆ ಗೊತ್ತಿತ್ತು. ನಾನು ಆ ಪಟ್ಟಿಗೇ ದೊಣ್ಣೆ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದ್ದೆ.

ಊರು, ಹೆಸರು, ತಂದೆ, ಹುಟ್ಟಿದ ತಾರೀಖು ಎಂದು ಆ ಕ್ರಮದಲ್ಲೇ ಒಂದು ಸಾಲು ಬರೆದೆ. ಯೂನಿಕ್ ಎಂದು ಬರೆಯಲಿಲ್ಲ. ಮೈಗ್ರೇಶನ್ ಓಡಿಸಿದೆ. ನಾಲ್ಕು ನಲವತ್ತು. ಮಿಟುಕುವ ಗೆರೆ ಮಿಟುಕುತ್ತಲೇ ಇತ್ತು. ಕರೆಂಟ್ ದೀಪ ಒಂದು ಸಲ ಮಂಕಾಗಿ ಮತ್ತೆ ಉರಿಯಿತು, ಆಯಾ ಎದೆ ಹಿಡಿದುಕೊಂಡಳು. ತಂದೆ ಹೊರಗೆ ಹೋಗಿ ಬಾಗಿಲ ಚೌಕಟ್ಟಿಗೆ ಹಣೆ ಕೊಟ್ಟು ನಿಂತ. ನಾಲ್ಕು ನಲವತ್ತೊಂಬತ್ತಕ್ಕೆ ಸರಿ ಎಂದು ಬಂತು.

ಫೋನ್ ಹಚ್ಚಿದೆ. ಮೇಡಂ ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದರಂತೆ, ಆದರೂ ಕೂತರು. ಹೊಡೆದರು. ಬಂತು ಎಂದರು. ನಾನು ಉಸಿರು ಬಿಡುವ ಮೊದಲೇ ಅವರ ಧ್ವನಿ ಬದಲಾಯಿತು.

“ಎರಡ ಬಂದಾವಲ್ರೀ. ಹೆಸರೂ ಒಂದ, ಅಪ್ಪನೂ ಒಂದ, ಊರೂ ಒಂದ. ಇದೇನ್ರಿ, ಇವತ್ತ ಸೇರಿಸೀರೇನು?”

ಇವತ್ತೇ ಸೇರಿಸಿದ್ದು ನಿಜ. ಇಂಡೆಕ್ಸ್, ಯೂನಿಕ್, ಮಾಡೆಲ್ ಎಂದು ಶುರು ಮಾಡಿದೆ. ಅವರಿಗೆ ಅನುಮಾನ ಹೆಚ್ಚಾದದ್ದು ಫೋನಿನಲ್ಲೇ ತಿಳಿಯಿತು. ಹುಡುಗಿ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು.

“ಮೇಡಂ, ಮ್ಯಾಲಿನಾಂವ ನಮ್ಮಪ್ಪನ ಅಜ್ಜ ರೀ. ಹುಟ್ಟಿದ ವರ್ಷ ನೋಡ್ರಿ. ಒಂದನೇ ಇಯತ್ತೆದಾಗ ದನಾ ಕಾಯಾಕ ಬಿಡಿಸ್ಯಾರ. ಕೆಳಗಿನಾಂವ ಏಳನೇ ಮುಗಿಸ್ಯಾನ, ಅಂವ ನಮ್ಮಪ್ಪ. ಹೆಸರ ಅಜ್ಜಂದು ಇಟ್ಟಾರ್ರಿ. ನಿಮ್ಮ ಮನ್ಯಾಗೂ ಇಟ್ಟಿರ್ತಾರಲ್ರಿ.”

ಆಮೇಲೆ ಹುಡುಗಿ ಹ್ಞೂಂ ರೀ, ಹ್ಞೂಂ ರೀ, ಸೋಮವಾರ ಮುಂಜಾನೆನ ಬರ್ತೇವ್ರಿ ಎನ್ನುತ್ತಾ ಗೋಡೆಗೆ ಒರಗಿದಳು. ಫೋನ್ ನನ್ನ ಮೇಜಿನ ಮೇಲಿಟ್ಟು, ಮಧ್ಯಾಹ್ನದಿಂದ ಕೈಯಲ್ಲೇ ಇದ್ದ ರೊಟ್ಟಿಯನ್ನು ಕಚ್ಚಿದಳು. ಮೇಡಂ ಮಗನಿಗೂ ಅಜ್ಜನ ಹೆಸರಂತೆ ಎಂದು ಬಾಯಿ ತುಂಬಿಕೊಂಡೇ ಹೇಳಿದಳು. ತಂದೆ ಒಳಗೆ ಬಂದು ಮಗಳನ್ನು ನೋಡಿದ. ಅವಳು ತಿನ್ನುತ್ತಿರುವುದು ನೋಡಿ ಅವನಿಗೆ ಎಲ್ಲ ತಿಳಿಯಿತು. ಟೋಪಿ ಹಾಕಿಕೊಂಡ. ನನಗೆ ಕೈ ಮುಗಿಯಲು ಬಂದವನನ್ನು ನಾನು ತಡೆದೆ. ಅಷ್ಟು ನಾಚಿಕೆ ನನ್ನಲ್ಲಿ ಉಳಿದಿತ್ತು.

ಅವರು ಹೋದ ಮೇಲೆ ನಾನು ಪೆನ್ ಡ್ರೈವಿನ ಹಾಳೆಗಳನ್ನು ತೆರೆದು, ಒಳಗೆ ಇರುವ ಸಾಲುಗಳ ಜೊತೆ ಹೋಲಿಸಲು ಕೂತೆ. ಹೊರಗೆ ಉಳಿದವರು ಒಬ್ಬಿಬ್ಬರಲ್ಲ. ದಾಂಡೇಲಿಯ ಶಾಲೆಗಳಲ್ಲಿ, ಜೊಯಿಡಾದ ಕಾಡೊಳಗಿನ ಶಾಲೆಗಳಲ್ಲಿ, ಕ್ಯಾಸಲ್‌ರಾಕ್‌ನಿಂದ ಬಂದ ಹಾಳೆಯಲ್ಲಿ, ಎಲ್ಲ ಕಡೆ ಅಜ್ಜಂದಿರು ಒಳಗೆ, ಮೊಮ್ಮಕ್ಕಳು ಹೊರಗೆ. ಇವರಲ್ಲಿ ಎಷ್ಟು ಜನ ನನ್ನ ಮೇಜಿನ ಮುಂದೆ ಬಂದು, ನನ್ನ ವೇಗ ನೋಡಿ, ಇಲ್ಲ ಎನ್ನಿಸಿಕೊಂಡು ಹೋಗಿದ್ದಾರೆ? ಯಾರ ಸೀಟು, ಯಾರ ನೌಕರಿ, ಯಾರ ಜಮೀನಿನ ಅರ್ಜಿ? ಹುಡುಕಿದ್ದಕ್ಕೆ ಕಂಪ್ಯೂಟರ್ ಲೆಕ್ಕ ಇಡುವುದಿಲ್ಲ. ಅದನ್ನು ಮಾಡೆಲ್ಲಿನಲ್ಲಿ ಬರೆಯಬೇಕೆಂದು ನನಗೆ ಹೊಳೆದಿರಲಿಲ್ಲ. ಕುರ್ಚಿಯಲ್ಲಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡೆ.

ಆಯಾ ತನ್ನ ವಹಿ ತಂದು ಮೇಜಿನ ಮೇಲಿಟ್ಟಳು. ಬಂದವರ ಹೆಸರು ಬರೆಯುವ ಅದೇ ವಹಿ. ತೆರೆದು ನೋಡಿದರೆ ಅವಳು ಅದನ್ನು ದಿನದ ಪ್ರಕಾರ ಬರೆದಿರಲಿಲ್ಲ, ಅಕ್ಷರದ ಪ್ರಕಾರವೂ ಇಲ್ಲ. ಬಸ್ಸಿನ ಪ್ರಕಾರ ಬರೆದಿದ್ದಳು. ಮಳಗಿ ಕಡೆಯ ಬಸ್ಸಿನವರಿಗೆ ಕೆಲವು ಪುಟ, ದಾಂಡೇಲಿ ಬಸ್ಸಿನವರಿಗೆ ಕೆಲವು, ಜೊಯಿಡಾ ಬಸ್ಸಿನವರಿಗೆ ಕೆಲವು, ಕ್ಯಾಸಲ್‌ರಾಕ್‌ನವರಿಗೆ ಹಿಂದಿನ ಒಂದು ಪುಟ. ಯಾರು ಯಾವ ಬಸ್ಸಿಗೆ ತಿರುಗಿ ಹೋಗಬೇಕೋ ಅವರನ್ನು ಆ ಹೊತ್ತಿಗೆ ಕರೆಯಲು ಅವಳಿಗೆ ಹಾಗೆಯೇ ಅನುಕೂಲವಂತೆ. ಉತಾರ ಸಿಗದೆ ಹೋದವರ ಹೆಸರಿನ ಮುಂದೆ ಒಂದು ಸಣ್ಣ ಸೊನ್ನೆ ಹಾಕಿದ್ದಳು. ಯಾಕೆ ಹಾಕಿದೆ ಎಂದರೆ, ಮುಖ ಸಣ್ಣ ಮಾಡಿಕೊಂಡು ಹೋಗುತ್ತಿದ್ದರು, ಎಲ್ಲಾದರೂ ಬರೆದಿಡಬೇಕು ಅನಿಸಿತು ಎಂದಳು.

ಮಳಗಿ ಬಸ್ಸಿನ ಪುಟದ ಕೊನೆಯಲ್ಲಿ ಗುರುವಾರದ ಹೆಸರಿತ್ತು, ಮುಂದೆ ಸೊನ್ನೆ. ಅವಳು ನನ್ನ ಪೆನ್ನು ತೆಗೆದುಕೊಂಡು ಆ ಸೊನ್ನೆಯ ಮೇಲೆ ಅಡ್ಡ ಗೆರೆ ಎಳೆದಳು. ಪುಟದಲ್ಲಿ ಉಳಿದ ಸೊನ್ನೆಗಳ ಮೇಲೆ ಬೆರಳು ಓಡಿಸಿದಳು.

“ಒಬ್ರು ಸಿಕ್ರು. ಇವ್ರಿಗೆ ಹೇಳಾವ್ರು ಯಾರು ಸರ್?”

ನಾನೇ ಎಂದು ವಹಿಯಲ್ಲಿ ಜೊಯಿಡಾ ಬಸ್ಸಿನ ಪುಟ ತೆರೆದು, ಜೊಯಿಡಾಕ್ಕೆ ನಾಳೆ ಮೊದಲ ಬಸ್ಸು ಎಷ್ಟಕ್ಕೆ ಎಂದು ಕೇಳಿದೆ. ನೋಡದೆಯೇ ಹೇಳಿದಳು.